ಹೆಂಗಸರ ಕಡೆ ಎಲ್ಲಿತ್ತು?

ಹೊಸೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ಗಡಿಭಾಗದ ಕನ್ನಡ ಮನೆತನಗಳಿಗೆ ಹಿತ್ತಲ ದಾರಿ ಇದ್ದ ಹಾಗೆ. ಸುಮಾರು 40 ಕಿಲೋಮೀಟರುಗಳ ಈ ದಾರಿಯಲ್ಲಿ ನಾವು ಮದುವೆಯ ಸೀರೆ ತರಲು ಹೋಗಿದ್ದೇವೆ, ರೋಗಿಗಳನ್ನು ಕರೆದುಕೊಂಡು ಹೋಗಿದ್ದೇವೆ, ಮಕ್ಕಳ ಪರೀಕ್ಷೆಗೆಂದು ಬುತ್ತಿ ಕಟ್ಟಿಕೊಂಡು ಹೋಗಿದ್ದೇವೆ. ಅತ್ತಿಬೆಲೆಯ ಗಡಿ ದಾಟಿದ ಮೇಲೆ ಚಂದಾಪುರ, ಹೆಬ್ಬಗೋಡಿ, ಎಲೆಕ್ಟ್ರಾನಿಕ್ ಸಿಟಿ. ಅದಾದ ಮೇಲೆ ಹೊಸ ರೋಡ್ ಎಂಬಲ್ಲಿ ಬಲಗಡೆಗೆ ಒಂದು ದಾರಿ ಒಡೆಯುತ್ತದೆ. ಅದು ಪರಪ್ಪನ ಅಗ್ರಹಾರದ ದಾರಿ. ಬೆಂಗಳೂರಿನ ಕೇಂದ್ರ ಕಾರಾಗೃಹ 2000ನೆಯ ಇಸವಿಯಿಂದ ಅಲ್ಲಿದೆ. ಬಸ್ಸು ಮೇಲುಸೇತುವೆಯನ್ನು ಹತ್ತಿಬಿಟ್ಟರೆ ಆ ತಿರುವು ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ನಾವು ಯಾರೂ ಅತ್ತ ನೋಡುವವರಲ್ಲ.

ಒಮ್ಮೆ ಮಾತ್ರ ಗಡಿಯ ಈ ಬದಿಯವರೆಲ್ಲರೂ ಅತ್ತ ನೋಡಿದ್ದೆವು. 2014ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಜಯಲಲಿತಾ ಅವರಿಗೆ ವಿಶೇಷ ನ್ಯಾಯಾಲಯವು ಶಿಕ್ಷೆ ವಿಧಿಸಿದಾಗ ಅವರು ಸುಮಾರು ಮೂರು ವಾರಗಳ ಕಾಲ ಆ ಸೆರೆಮನೆಯಲ್ಲಿದ್ದರು. ಆ ಮೊಕದ್ದಮೆಯ ಮುಂದಿನ ಏರಿಳಿತಗಳು ಇಲ್ಲಿ ಬೇಡ. ನಮ್ಮ ಕಡೆ ಆ ದಿನಗಳಲ್ಲಿ ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ನೀರಿನ ನಲ್ಲಿಯ ಬಳಿ ಬೇರೆ ಮಾತೇ ಇರಲಿಲ್ಲ. ಅವರು ಏನು ಉಂಡರು, ಎಲ್ಲಿ ಮಲಗಿದರು, ಯಾರು ನೋಡಲು ಬಂದರು ಎಂಬುದೆಲ್ಲ ಎಲ್ಲರಿಗೂ ತಿಳಿಯಬೇಕಾಗಿತ್ತು.

ಅದಾದ ಕೆಲವು ವರ್ಷಗಳ ಮೇಲೆ ನಮ್ಮದೇ ಬೀದಿಯ ಒಬ್ಬ ಹೆಂಗಸು ಸೆರೆಮನೆಗೆ ಹೋದರು. ಅವರ ಹೆಸರು ಇಲ್ಲಿ ಬೇಡ. ನಾವು ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇವೆ. ಯಾವ ಊರಿನ ಸೆರೆಮನೆ ಎಂಬುದೂ ಬೇಡ. ಮನೆಯಲ್ಲಿ ನಡೆದುಹೋದ ಒಂದು ಸಾವಿನ ಮೊಕದ್ದಮೆಯಲ್ಲಿ ಅವರ ಹೆಸರೂ ಸೇರಿತ್ತು. ಹದಿನಾಲ್ಕು ತಿಂಗಳು ಒಳಗಿದ್ದರು. ಕೊನೆಗೆ ನ್ಯಾಯಾಲಯವು ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಆ ಹದಿನಾಲ್ಕು ತಿಂಗಳಲ್ಲಿ ಅವರು ಏನು ಉಂಡರು, ಎಲ್ಲಿ ಮಲಗಿದರು ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳಲಿಲ್ಲ. ನೋಡಲು ಯಾರೂ ಹೋಗಲಿಲ್ಲ. ನಾವೂ ಹೋಗಲಿಲ್ಲ.

ಈ ಲೇಖನವನ್ನು ಬರೆಯಹೊರಟುದಕ್ಕೆ ಆ ಕೊರಗೇ ಕಾರಣ. ಸೆರೆಮನೆಯ ಹೆಂಗಸರ ವಿಷಯವಾಗಿ ಸಿಕ್ಕಿದಷ್ಟನ್ನು ಓದಿ, ಅವರು ಇದ್ದ ಒಂದು ಸ್ಥಳವನ್ನಾದರೂ ಕಣ್ಣಾರೆ ಕಂಡು ಬರೋಣವೆಂದು ಮಹಿಳಾ ಸಮಾಜದ ನಾವು ಮೂವರು ನಿಶ್ಚಯಿಸಿದೆವು. ಈಗ ನಡೆಯುತ್ತಿರುವ ಸೆರೆಮನೆಯೊಳಕ್ಕೆ ಹೀಗೆ ಹೋಗಿ ಹಾಗೆ ಬರುವಂತಿಲ್ಲ. ಆದರೆ ಬೆಂಗಳೂರಿನ ನಡುಮಧ್ಯದಲ್ಲಿ ಹಳೆಯ ಸೆರೆಮನೆಯೊಂದು ಉದ್ಯಾನವಾಗಿ ಎಲ್ಲರಿಗೂ ತೆರೆದಿದೆ. ಅಕ್ಕನನ್ನೂ ಕರೆದೆವು. "ನಾನ್ಯಾಕಮ್ಮ ಬರ್ಲಿ? ನೋಡಿದ್ದೇ ಸಾಕಾಗೈತೆ. ನೀವು ಹೋಗಿ ಬನ್ನಿ" ಎಂದರು.

ಮೆಜೆಸ್ಟಿಕ್ಕಿನಲ್ಲಿ ಇಳಿದು ಆನಂದರಾವ್ ವೃತ್ತದ ಕಡೆಯಿಂದ ಶೇಷಾದ್ರಿ ರಸ್ತೆಗೆ ನಡೆದೇ ಹೋಗಬಹುದು. ಇಂದು ಫ್ರೀಡಂ ಪಾರ್ಕ್ ಎಂದು ಕರೆಯಲ್ಪಡುವ ಈ ಸ್ಥಳದಲ್ಲಿ 1867ರಿಂದ 2000ದವರೆಗೆ ಬೆಂಗಳೂರಿನ ಸೆಂಟ್ರಲ್ ಜೈಲು ಇದ್ದಿತು. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಸಾಗಿದ ಮೇಲೆ ಇದನ್ನು ಪೂರ್ತಿಯಾಗಿ ಕೆಡವದೆ, ಗೋಡೆಗಳನ್ನೂ ಕೆಲವು ಕಟ್ಟಡಗಳನ್ನೂ ಉಳಿಸಿಕೊಂಡು ಉದ್ಯಾನವನ್ನಾಗಿ ರೂಪಿಸಿದರು. 2008ರಲ್ಲಿ ಇದು ಸಾರ್ವಜನಿಕರಿಗೆ ತೆರೆಯಿತು. ಹೊರಗೆ ಬಸ್ಸುಗಳ ಗದ್ದಲ; ಒಳಗೆ ಕಾಲಿಟ್ಟರೆ ಮರದ ನೆರಳು, ಹುಲ್ಲು, ಬೆಳಗಿನ ನಡಿಗೆಯ ಹಿರಿಯರು, ಪುಸ್ತಕ ಹಿಡಿದು ಕುಳಿತ ಕಾಲೇಜಿನ ಮಕ್ಕಳು.

ನಡುವೆ ಪಹರೆಯ ಗೋಪುರ ಇನ್ನೂ ನಿಂತಿದೆ. ಅದರ ಸುತ್ತ ಕೈದಿಗಳ ಉದ್ದನೆಯ ಬ್ಯಾರಕ್ಕುಗಳು. ಇಂತಹ ಕಟ್ಟಡದ ಹಿಂದೆ ಒಂದು ವಿಚಾರವಿದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ಎಂಬ ಚಿಂತಕರು ಸೆರೆಮನೆ ಹೇಗಿರಬೇಕೆಂದು ಒಂದು ನಕ್ಷೆಯನ್ನು ಕಲ್ಪಿಸಿದರು. ನಡುವೆ ಗೋಪುರ, ಸುತ್ತಲೂ ಕೋಣೆಗಳು. ಒಬ್ಬನೇ ಕಾವಲುಗಾರನಿಗೆ ಎಲ್ಲರೂ ಕಾಣಬೇಕು; ತನ್ನನ್ನು ಈಗ ನೋಡುತ್ತಿದ್ದಾನೆಯೇ ಇಲ್ಲವೇ ಎಂಬುದು ಮಾತ್ರ ಕೈದಿಗೆ ತಿಳಿಯಬಾರದು. ಗೋಪುರದ ಬುಡದಲ್ಲಿ ನಿಂತು ಸುತ್ತ ನೋಡಿದರೆ ಆ ಲೆಕ್ಕಾಚಾರ ಯಾವ ಪುಸ್ತಕದ ಸಹಾಯವೂ ಇಲ್ಲದೆ ತಿಳಿಯುತ್ತದೆ. ಹುಲ್ಲಿನ ಮೇಲೆ ಆಡುತ್ತಿದ್ದ ಮಗುವೊಂದು ಎಲ್ಲಿ ಹೋದರೂ ನಮಗೆ ಕಾಣುತ್ತಿತ್ತು.

ಅಲ್ಲಿದ್ದ ಕಾವಲಿನವರೊಬ್ಬರನ್ನು, "ಅಣ್ಣಾ, ಹೆಂಗಸರ ಕಡೆ ಎಲ್ಲಿತ್ತು?" ಎಂದು ಕೇಳಿದೆವು. ಅವರಿಗೆ ಪ್ರಶ್ನೆ ತಿಳಿಯಲಿಲ್ಲ. "ಲೇಡೀಸ್ ಟಾಯ್ಲೆಟ್ಟಾ ಅಮ್ಮ? ಆ ಕಡೆ ಹೋಗಿ" ಎಂದು ಕೈ ತೋರಿಸಿದರು. ಅದಲ್ಲ, ಹೆಂಗಸರ ಜೈಲು ಎಂದು ಬಿಡಿಸಿ ಹೇಳಿದೆವು. "ಹೆಂಗಸರ ಜೈಲಾ? ಅದು ಗೊತ್ತಿಲ್ಲಮ್ಮ. ವಾಜಪೇಯಿ ಇದ್ರು, ಅಡ್ವಾಣಿ ಇದ್ರು, ಅದು ಗೊತ್ತು" ಎಂದರು. ಕಸ ಗುಡಿಸುತ್ತಿದ್ದ ತಾಯಿಯೊಬ್ಬರನ್ನು ಕೇಳಿದಾಗ ಅವರು ನಕ್ಕು, "ಹೆಂಗಸ್ರನ್ನೂ ಇಲ್ಲಿ ಇಟ್ಟಿದ್ರಾ?" ಎಂದು ನಮ್ಮನ್ನೇ ಕೇಳಿದರು.

ಅವರ ಮಾತಿನಲ್ಲಿ ತಪ್ಪಿಲ್ಲ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಲೋಕಸಭೆಯ, ರಾಜ್ಯಸಭೆಯ ಕೆಲವು ವಿರೋಧಪಕ್ಷದ ಸದಸ್ಯರು ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದರು. ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಮರುದಿನವೇ ಬಂಧಿಸಿ ಇಲ್ಲಿಗೆ ತಂದರು. ಅಡ್ವಾಣಿಯವರು ಆ ದಿನಗಳ ಟಿಪ್ಪಣಿಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಈ ಗೋಡೆಗಳ ನೆನಪು ಎಂದರೆ ಜನಕ್ಕೆ ಅದೇ. ಆದರೆ ಅದೇ ತುರ್ತುಪರಿಸ್ಥಿತಿಯಲ್ಲಿ ಇದೇ ಸೆರೆಮನೆಯಲ್ಲಿ ಒಬ್ಬ ಹೆಂಗಸೂ ಇದ್ದರು. ಅವರೂ ದಿನಚರಿ ಬರೆದಿಟ್ಟರು.

ಅವರೇ ಸ್ನೇಹಲತಾ ರೆಡ್ಡಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ಬಂದ 'ಸಂಸ್ಕಾರ' ಚಲನಚಿತ್ರವನ್ನು ನೋಡಿದವರು ಅದರಲ್ಲಿನ ಚಂದ್ರಿಯನ್ನು ಮರೆತಿರಲಾರರು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ಅದು. ನಿರ್ದೇಶಿಸಿದವರು ಅವರ ಪತಿ ಪಟ್ಟಾಭಿರಾಮ ರೆಡ್ಡಿ. ಚಂದ್ರಿಯಾಗಿ ಅಭಿನಯಿಸಿದವರು ಸ್ನೇಹಲತಾ. ದಂಪತಿಗಳಿಬ್ಬರೂ ಆಂಧ್ರದ ಮೂಲದವರು; ಮದರಾಸಿನಲ್ಲಿ ನಾಟಕರಂಗದಲ್ಲಿ ದುಡಿದವರು; ಬೆಂಗಳೂರಿನಲ್ಲಿ ನೆಲೆಸಿ ಕನ್ನಡಕ್ಕೆ ಒಂದು ಹೊಸ ದಾರಿಯ ಚಿತ್ರವನ್ನು ಕೊಟ್ಟವರು. ಗಡಿಯನ್ನು ದಾಟಿ ಬಂದ ಬದುಕು ಎಂತಹುದೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಸಮಾಜವಾದಿ ಗೆಳೆಯರ ಬಳಗದಲ್ಲಿದ್ದ ಸ್ನೇಹಲತಾ ಅವರನ್ನು 1976ರ ಮೇ 2ರಂದು ಬಂಧಿಸಿದರು. ಜಾರ್ಜ್ ಫರ್ನಾಂಡಿಸ್ ಅವರ ಮೇಲೆ ಹೊರಿಸಿದ್ದ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಇವರಿಗೂ ಸಂಬಂಧವಿದೆಯೆಂಬುದು ಆಗಿನ ಸಂದೇಹ. ಮುಂದೆ ಆ ಮೊಕದ್ದಮೆಯ ಆರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಇವರ ಹೆಸರೇ ಇರಲಿಲ್ಲ. ಆದರೂ ಬಿಡುಗಡೆಯಾಗಲಿಲ್ಲ, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶವಿದ್ದ 'ಮೀಸಾ' ಕಾನೂನಿನಡಿ ಎಂಟು ತಿಂಗಳಿಗೂ ಮೀರಿ ಇಲ್ಲಿಯೇ ಇರಬೇಕಾಯಿತು. ಅವರಿಗೆ ಹಳೆಯ ಉಬ್ಬಸದ ಕಾಯಿಲೆಯಿತ್ತು. ಕಿರಿದಾದ ಒಂಟಿ ಕೋಣೆ. ಒಂದು ತುದಿಗೆ ಕಂಬಿಯ ಬಾಗಿಲು, ಇನ್ನೊಂದು ತುದಿಗೆ ಶೌಚದ ಗುಂಡಿ. ಮಲಗುವುದು ನೆಲದ ಮೇಲೆ. ಒಳಗೆ ಕಾಲಿಟ್ಟ ದಿನ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ ತಪಾಸಣೆ ಮಾಡಿದ ಅವಮಾನವನ್ನು ಅವರು ಬರೆದಿಟ್ಟಿದ್ದಾರೆ. ಇರುಳಿನ ಮೌನದಲ್ಲಿ ಅವರ ಕೂಗು ತಮ್ಮ ಕೋಣೆಯವರೆಗೆ ಕೇಳಿಸುತ್ತಿತ್ತೆಂದು ಮಧು ದಂಡವತೆಯವರು ಮುಂದೆ ನೆನಪಿಸಿಕೊಂಡಿದ್ದಾರೆ.

ಆದರೆ ನಮ್ಮನ್ನು ಹೆಚ್ಚು ತಟ್ಟಿದುದು ಅವರ ಸಂಕಟಕ್ಕಿಂತಲೂ ಅವರು ಅಲ್ಲಿ ಯಾರನ್ನು ನೋಡಿದರು ಎಂಬುದು. ರಾಜಕೀಯ ಬಂದಿಯಾಗಿ ಬಂದ ಅವರು ತಮ್ಮ ಸುತ್ತಲಿದ್ದ ಸಾಮಾನ್ಯ ಹೆಂಗಸರನ್ನು ಕಂಡರು. ಕಳ್ಳತನ, ಜಗಳ, ಬಡತನ ಇವುಗಳಿಂದ ಒಳಗೆ ಬಂದು ಬಿದ್ದಿದ್ದ ಆ ಹೆಂಗಸರನ್ನು ಹೊಡೆಯುವುದನ್ನು ಅವರು ಪ್ರತಿಭಟಿಸಿದರು. ಊಟ ಸುಧಾರಿಸಬೇಕೆಂದು ಹಟ ಹಿಡಿದರು. ಅವರಿಗಾಗಿ ಆಟ, ಹಾಡುಗಳನ್ನು ಏರ್ಪಡಿಸಿದರು. ಉಸಿರಾಡಲೂ ತಿಣುಕುತ್ತಿದ್ದ ಒಬ್ಬ ಹೆಂಗಸು ಇಷ್ಟನ್ನು ಮಾಡಿದರು. 1977ರ ಜನವರಿ 15ರಂದು, ದೇಹಸ್ಥಿತಿ ತೀರ ಕೆಟ್ಟ ಮೇಲೆ, ಅವರನ್ನು ಪೆರೋಲ್ ಮೇಲೆ ಹೊರಕ್ಕೆ ಕಳಿಸಿದರು. ಜನವರಿ 20ರಂದು ತೀರಿಕೊಂಡರು. ಅವರ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂದಿತು. ಆ ಪುಟಗಳಿಲ್ಲದಿದ್ದರೆ, ಅವರ ಜೊತೆಯಲ್ಲಿದ್ದ ಆ ಹೆಸರಿಲ್ಲದ ಹೆಂಗಸರು ಈ ಗೋಡೆಗಳ ಒಳಗೆ ಇದ್ದರೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಬ್ಯಾರಕ್ಕಿನ ನೆರಳಿನಲ್ಲಿ ಕುಳಿತು ತಂದಿದ್ದ ಚಿತ್ರಾನ್ನ ಉಣ್ಣುತ್ತ ನಾವು ಇದೇ ಮಾತನಾಡಿದೆವು. ಸೆರೆಮನೆಯಲ್ಲಿ ಹೆಂಗಸರು ಏಕೆ ಕಾಣುವುದಿಲ್ಲ? ಒಂದು ಕಾರಣ ಅವರು ಕಡಿಮೆ ಎಂಬುದು. 2022ರ ಕೊನೆಗೆ ನಮ್ಮ ದೇಶದ ಸೆರೆಮನೆಗಳಲ್ಲಿ ಒಟ್ಟು 5,73,220 ಮಂದಿ ಇದ್ದರೆಂದು ಸರ್ಕಾರದ ಅಂಕಿ ಅಂಶಗಳು ಹೇಳುತ್ತವೆ. ಅವರಲ್ಲಿ ಹೆಂಗಸರು 23,772; ನೂರಕ್ಕೆ ನಾಲ್ವರು. ಹೀಗೆ ಕಡಿಮೆ ಇರುವುದು ಸಂತೋಷದ ಸಂಗತಿಯೇ. ಆದರೆ ಒಳಗಿರುವವರಿಗೆ ಅದೇ ಕಷ್ಟವಾಗಿ ಪರಿಣಮಿಸುತ್ತದೆ. ನೂರರಲ್ಲಿ ತೊಂಬತ್ತಾರು ಗಂಡಸರಿಗೆಂದು ಕಟ್ಟಿದ ಮನೆಯಲ್ಲಿ ಉಳಿದ ನಾಲ್ವರು ಒಂದು ಮೂಲೆಯಲ್ಲಿ ಇರಬೇಕಾಗುತ್ತದೆ.

ಹೆಂಗಸರಿಗೆಂದೇ ಇರುವ ಸೆರೆಮನೆಗಳು ಇಡೀ ದೇಶದಲ್ಲಿ ಕೆಲವೇ ಕೆಲವು. ನಮ್ಮ ತಮಿಳುನಾಡಿನಲ್ಲಿ ವೇಲೂರು, ತಿರುಚ್ಚಿ ಮೊದಲಾದೆಡೆ ಅಂತಹವು ಇವೆ. ಅನೇಕ ರಾಜ್ಯಗಳಲ್ಲಿ ಅದೂ ಇಲ್ಲ. ಆದುದರಿಂದ ಹೆಂಗಸಿನ ಪಾಲಿಗೆ ಎರಡೇ ದಾರಿ. ಒಂದು, ಊರಿಗೆ ಹತ್ತಿರದ ಗಂಡಸರ ಸೆರೆಮನೆಯೊಳಗೆ ಗೋಡೆಯ ಹಿಂದೆ ಇನ್ನೊಂದು ಗೋಡೆ ಕಟ್ಟಿದ ಆವರಣದಲ್ಲಿರುವುದು. ಅಲ್ಲಿ ಆಸ್ಪತ್ರೆ, ಗ್ರಂಥಾಲಯ, ಕೈಕಸುಬಿನ ಕೊಠಡಿ ಎಲ್ಲವೂ ಸಾಮಾನ್ಯವಾಗಿ ಗಂಡಸರ ಭಾಗದಲ್ಲಿರುತ್ತವೆ. ಅಲ್ಲಿಗೆ ಹೋಗಬೇಕಾದರೆ ಮಹಿಳಾ ಸಿಬ್ಬಂದಿ ಜೊತೆಗೆ ಬರಬೇಕು. ಇನ್ನೊಂದು, ದೂರದ ಹೆಂಗಸರ ಸೆರೆಮನೆಗೆ ಹೋಗುವುದು. ಅಲ್ಲಿ ವ್ಯವಸ್ಥೆ ಚೆನ್ನಾಗಿರಬಹುದು. ಆದರೆ ನೋಡಲು ಬರುವವರಿಗೆ ಇಡೀ ಒಂದು ದಿನ, ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಗಂಡ ಒಳಗಿದ್ದರೆ ಹೆಂಡತಿ ಸಾಲ ಮಾಡಿಯಾದರೂ ಹೋಗುತ್ತಾಳೆ. ಹೆಂಡತಿ ಒಳಗಿದ್ದರೆ ಹೋಗುವವರು ಯಾರು?

ನಾವು ಅಕ್ಕನನ್ನು ಕೇಳಿದ್ದೆವು, ಒಳಗೆ ಎಲ್ಲಕ್ಕಿಂತ ಕಷ್ಟವಾದುದು ಯಾವುದು ಎಂದು. ಊಟ, ಸೊಳ್ಳೆ, ಕೆಲಸ ಎಂದಾರೆಂದು ನಮ್ಮ ಎಣಿಕೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭೇಟಿ ದಿನ ಹೆಸರು ಕೂಗ್ತಾರಲ್ಲ, ಅದು" ಎಂದರು. "ಒಂದೊಂದೇ ಹೆಸರು ಕೂಗ್ತಾರೆ. ಮೊದ್ಲು ಮೊದ್ಲು ಸೀರೆ ಸರಿಮಾಡ್ಕೊಂಡು ಕೂತ್ಕೊಂತಿದ್ದೆ. ಆಮೇಲಾಮೇಲೆ ಆವತ್ತು ಬಟ್ಟೆ ಒಗೆಯೋಕೆ ಹೋಗ್ಬಿಡ್ತಿದ್ದೆ. ನಲ್ಲಿ ಸದ್ದಿನಾಗೆ ಕೇಳ್ಸಲ್ಲ ನೋಡಿ." ಎರಡನೆಯ ಕಷ್ಟ ನಮ್ಮ ಗಡಿಯವರೆಲ್ಲರಿಗೂ ತಿಳಿಯುವಂತಹುದು. ಅವರಿಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಸಹಿ ಮಾಡಿದ ಕಾಗದಗಳಲ್ಲಿ ಅವರಿಗೆ ಓದಲು ಬರುತ್ತಿದ್ದುದು ಕನ್ನಡದಲ್ಲಿ ಮಾಡಿದ ತಮ್ಮ ಸಹಿಯೊಂದೇ.

ಸೆರೆಮನೆಯ ಹೆಂಗಸರ ಬಳಿಗೆ ಹೋಗಿ ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ಏನಾಗಬಹುದೆಂಬುದಕ್ಕೆ ಮುಂಬಯಿಯ ಒಂದು ಸಂಗತಿ ಸಾಕ್ಷಿಯಾಗಿದೆ. 1982ರ ಮೇ ತಿಂಗಳಿನಲ್ಲಿ ಶೀಲಾ ಬರ್ಸೆ ಎಂಬ ಪತ್ರಕರ್ತೆ ಅನುಮತಿ ಪಡೆದು ಅಲ್ಲಿನ ಸೆಂಟ್ರಲ್ ಜೈಲಿನಲ್ಲಿ 15 ಮಂದಿ ಹೆಂಗಸರನ್ನು ಕಂಡು ಮಾತನಾಡಿಸಿದರು. ಅವರಲ್ಲಿ ಐವರು, ಪೊಲೀಸ್ ಲಾಕಪ್ಪಿನಲ್ಲಿದ್ದಾಗ ತಮ್ಮನ್ನು ಹೊಡೆದರೆಂದು ಹೇಳಿದರು. ಶೀಲಾ ಅವರು ಇದನ್ನು ಪತ್ರ ಬರೆದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯಾಗಿ ಭಾವಿಸಿ, ಸಮಾಜಕಾರ್ಯದ ಕಾಲೇಜೊಂದರ ಮುಖ್ಯಸ್ಥೆಯನ್ನು ಸೆರೆಮನೆಗೆ ಕಳಿಸಿ ವರದಿ ತರಿಸಿಕೊಂಡಿತು. 1983ರ ಫೆಬ್ರವರಿ 15ರಂದು ತೀರ್ಪು ಬಂದಿತು. ಹೆಂಗಸರಿಗೆ ಬೇರೆಯೇ ಲಾಕಪ್ ಇರಬೇಕು, ಅದರ ಕಾವಲಿಗೆ ಮಹಿಳಾ ಪೊಲೀಸರೇ ಇರಬೇಕು. ಹೆಂಗಸರನ್ನು ಮಹಿಳಾ ಪೊಲೀಸರ ಎದುರಿನಲ್ಲಿ ಮಾತ್ರ ವಿಚಾರಣೆ ಮಾಡಬೇಕು. ಬಂಧಿಸಿದ ಕೂಡಲೇ ಕಾನೂನು ನೆರವಿನ ಸಮಿತಿಗೆ ತಿಳಿಸಬೇಕು. ನ್ಯಾಯಾಧೀಶರು ಹೇಳದೆ ಕೇಳದೆ ಲಾಕಪ್ಪುಗಳಿಗೆ ಭೇಟಿ ಕೊಡುತ್ತಿರಬೇಕು. ಇಷ್ಟೂ ಒಬ್ಬ ಹೆಂಗಸು ಹೋಗಿ ಕುಳಿತು ಹದಿನೈದು ಹೆಂಗಸರ ಮಾತು ಕೇಳಿದುದರ ಫಲ.

ಆ ತೀರ್ಪಿನ ಬೆನ್ನಿಗೇ ಇನ್ನಷ್ಟು ಕೆಲಸ ನಡೆಯಿತು. ಸೆರೆಮನೆಗಳ ಸುಧಾರಣೆಗಾಗಿ ನ್ಯಾಯಮೂರ್ತಿ ಮುಲ್ಲಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಸಮಿತಿ 1983ರಲ್ಲಿ ವರದಿ ಕೊಟ್ಟಿತು. ಹೆಂಗಸರ ವಿಷಯಕ್ಕೇ ಮೀಸಲಾಗಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಸಮಿತಿ 1987ರಲ್ಲಿ ವರದಿ ಕೊಟ್ಟಿತು. ತಾಯಿಯ ಜೊತೆಯಲ್ಲಿ ಒಳಗಿರುವ ಮಕ್ಕಳ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು 2006ರ ಏಪ್ರಿಲ್‌ನಲ್ಲಿ ತೀರ್ಮಾನವಾಯಿತು. ಆರು ವರ್ಷ ತುಂಬುವವರೆಗೆ ಮಗು ತಾಯಿಯ ಬಳಿ ಇರಬಹುದು. ಗರ್ಭಿಣಿಗೆ ಸಾಧ್ಯವಾದಷ್ಟು ಮಟ್ಟಿಗೆ ಹೊರಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಬೇಕು. ಒಳಗೇ ಹುಟ್ಟಿದರೂ ಮಗುವಿನ ಜನನಪತ್ರದಲ್ಲಿ ಸೆರೆಮನೆಯೆಂದು ಬರೆಯಬಾರದು. 2022ರ ಕೊನೆಗೆ ಹೀಗೆ ದೇಶದಲ್ಲಿ 1,537 ತಾಯಂದಿರ ಜೊತೆಯಲ್ಲಿ 1,764 ಮಕ್ಕಳು ಇದ್ದರು. ಗೋಪುರದ ಬುಡದಲ್ಲಿ ಆಡುತ್ತಿದ್ದ ಮಗುವಿನ ಕಡೆ ನಮ್ಮ ಕಣ್ಣು ಮತ್ತೆ ಹೋಯಿತು. ಅಷ್ಟು ಮಕ್ಕಳೆಂದರೆ ನಾಲ್ಕೈದು ಶಾಲೆ ತುಂಬುವಷ್ಟು.

ಸೆರೆಮನೆಯೊಳಗಿನ ಬಾಳಿಗೆ ಇಷ್ಟು ನಿಯಮಗಳಿವೆ. ಹೊರಗೆ ಬಂದ ಮೇಲಿನ ಬಾಳಿಗೆ ನಿಯಮ ಮಾಡುವವರು ನಾವು, ನೆರೆಹೊರೆಯವರು. ಈ ವಿಷಯದಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನು ನೆನೆಯಬೇಕು. ಸ್ವಾತಂತ್ರ್ಯ ಚಳವಳಿಯಲ್ಲಿ 1932ರಲ್ಲಿ ಅವರು ನಾಲ್ಕು ತಿಂಗಳು ಪುಣೆಯ ಯರವಡಾ ಸೆರೆಮನೆಯಲ್ಲಿದ್ದರು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ವಾಚಕರಿಗೆ ಆ ಹೆಸರು ಚಿರಪರಿಚಿತ. ಅವರು ಒಳಗಿರುವಾಗಲೇ ತಂದೆಯಂತೆ ಬೆನ್ನಿಗೆ ನಿಂತಿದ್ದ ಮಾವನವರು ತೀರಿಕೊಂಡರು. ಅದೇ ಸೆರೆಮನೆಯಲ್ಲಿದ್ದ ಸರೋಜಿನಿ ನಾಯಿಡು ಅವರು ಉಮಾಬಾಯಿಯನ್ನು ಸಂತೈಸಿದರು. ಹೊರಗೆ ಬಂದು ನೋಡಿದರೆ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. ಆ ಕಷ್ಟದಲ್ಲಿಯೂ, ಬಿಡುಗಡೆಯಾಗಿ ಹೋಗಲು ನೆಲೆಯಿಲ್ಲದೆ ನಿಂತ ಹೆಂಗಸರಿಗೆ ಅವರು ತಮ್ಮ ಪುಟ್ಟ ಮನೆಯಲ್ಲಿ ಆಶ್ರಯ ಕೊಟ್ಟರು. ದೇಶಕ್ಕಾಗಿ ಸೆರೆಗೆ ಹೋದ ಹೆಂಗಸನ್ನೇ ಮನೆಯವರು ಒಳಗೆ ಕರೆಯಲು ಹಿಂಜರಿದ ಕಾಲ ಅದು. ಹಾಗಿರುವಾಗ ಬೇರೆ ಕಾರಣಕ್ಕೆ ಹೋಗಿಬಂದ ಹೆಂಗಸಿನ ಪಾಡನ್ನು ಊಹಿಸಬಹುದು.

ನಮ್ಮ ಅಕ್ಕನನ್ನು ನ್ಯಾಯಾಲಯ ನಿರ್ದೋಷಿ ಎಂದಿತು. ಬೀದಿ ಹಾಗೆನ್ನಲಿಲ್ಲ. ಯಾರೂ ಬಯ್ಯಲಿಲ್ಲ, ಯಾರೂ ಹೊರಗೆ ಹಾಕಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೆ. ಅರಿಶಿನ ಕುಂಕುಮಕ್ಕೆ ಹೇಳಲು ಹೊರಟ ಮಕ್ಕಳು ಅವರ ಬಾಗಿಲನ್ನು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಮಕ್ಕಳಿಗೆ ಹಾಗೆ ಹೇಳಿ ಕಳಿಸಿದವರು ನಾವೇ.

ಉದ್ಯಾನದಿಂದ ಹೊರಡುವಾಗ ಪಕ್ಕದ ಬಯಲಿನಲ್ಲಿ ಹೆಂಗಸರ ಗುಂಪೊಂದು ಸೇರಿತ್ತು. ಬೆಂಗಳೂರಿನ ಪ್ರತಿಭಟನೆಗಳು ನಡೆಯುವ ಸ್ಥಳ ಈಗ ಇದೇ. 2023ರ ಜನವರಿಯಲ್ಲಿ ಅಂಗನವಾಡಿಯ ಕಾರ್ಯಕರ್ತೆಯರು, 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಇಲ್ಲಿಯೇ ಹಗಲಿರುಳು ಕುಳಿತಿದ್ದರು. ಅಂದು ಸೇರಿದ್ದವರು ಸಣ್ಣ ಗುಂಪು. ಒಬ್ಬಾಕೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಘೋಷಣೆ ಕೂಗುತ್ತಿದ್ದರು. ಅವರು ಒರಗಿ ಕುಳಿತಿದ್ದ ಗೋಡೆ ಯಾವುದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಹೇಳಬೇಕೆನ್ನಿಸಿತು, ಅವರ ಕೆಲಸದ ನಡುವೆ ನಮ್ಮ ಮಾತೇಕೆಂದು ಸುಮ್ಮನಾದೆವು.

ಇಷ್ಟು ದೂರ ಓದಿದ ಮನೆಗಳಿಗೆ ಉಪಯೋಗವಾಗಲೆಂದು ನಾವು ತಿಳಿದುಕೊಂಡ ನಾಲ್ಕು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ಯಾವ ಹೆಂಗಸಿಗೂ, ಹಾಗೆಯೇ ಬಂಧನದಲ್ಲಿರುವ ಯಾರಿಗೂ, ಆದಾಯ ಎಷ್ಟೇ ಇರಲಿ, ಸರ್ಕಾರದ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಇದು 1987ರ ಕಾಯಿದೆ ಕೊಟ್ಟ ಹಕ್ಕು. ಸಹಾಯಕ್ಕೆ 15100 ಎಂಬ ದೂರವಾಣಿ ಸಂಖ್ಯೆ ಇದೆ. ವಿಶೇಷ ಕಾರಣ ಮತ್ತು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಹೆಂಗಸನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಸಾಕ್ಷ್ಯವು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ನ್ಯಾಯಾಲಯದಲ್ಲಿಯೇ ಬಿಡಿಸಿ ಹೇಳಬೇಕು. ಗಡಿಯ ಕನ್ನಡಿಗರು ಇದನ್ನು ಕೇಳಿ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ, ಮೊದಲ ಬಾರಿಗೆ ಮೊಕದ್ದಮೆಗೆ ಸಿಕ್ಕಿದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರಿಗೂ ಇದು ಅನ್ವಯಿಸದು.

ಐದನೆಯ ಸಂಗತಿಗೆ ಕಾನೂನು ಬೇಕಾಗಿಲ್ಲ. ಭೇಟಿಯ ದಿನ ಯಾರಾದರೂ ಹೋಗಬೇಕು. ಹೋಗಲಾಗದಿದ್ದರೆ ಒಂದು ಕಾಗದವನ್ನಾದರೂ, ಆಕೆಗೆ ಓದಲು ಬರುವ ಅಕ್ಷರದಲ್ಲಿ, ಬರೆಯಬೇಕು. ತಪ್ಪು ಮಾಡಿರಲಿ ಬಿಟ್ಟಿರಲಿ, ಅದನ್ನು ತೀರ್ಮಾನಿಸಲು ನ್ಯಾಯಾಲಯ ಇದೆ. ಹೆಸರು ಕೂಗಿದಾಗ ಎದ್ದು ಹೋಗುವಂತಾಗುವುದು ನೆರೆಹೊರೆಯವರ ಕೈಯಲ್ಲಿದೆ.

ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ನೇರವಾಗಿ ಅಕ್ಕನ ಮನೆಗೆ ಹೋದೆವು. ಎಷ್ಟೋ ದಿನಗಳ ಮೇಲೆ ನಾವು ಮೂವರೂ ಒಟ್ಟಿಗೆ ಅವರ ಜಗಲಿ ಹತ್ತಿದುದು ಅಂದೇ. ಅವರು ಚಾಪೆ ಹಾಸಿದರು, ಕಾಫಿ ಮಾಡಲು ಎದ್ದರು. ಒಳಗಿನಿಂದಲೇ, "ಹೆಂಗಸ್ರ ಕಡೆ ನೋಡಿದ್ರಾ?" ಎಂದು ಕೇಳಿದರು. ಹುಡುಕಿದೆವು, ಯಾರಿಗೂ ಗೊತ್ತಿಲ್ಲ ಎಂದೆವು. "ಅದು ಎಲ್ಲಾ ಕಡೆನೂ ಹಿಂದ್ಗಡೇನೇ ಇರ್ತೈತೆ ಬಿಡಿ" ಎಂದರು, ಸಕ್ಕರೆಯ ಡಬ್ಬಿ ಹುಡುಕುತ್ತ.

ಕಾಫಿ ಕುಡಿದು ಹೊರಡುವಾಗ ನಮ್ಮಲ್ಲಿ ಹಿರಿಯರು, "ಗೌರಿ ಹಬ್ಬಕ್ಕೆ ಬಂದ್ಬಿಡು ಅಕ್ಕಾ, ಮಕ್ಕಳನ್ನ ಕಳಿಸಲ್ಲ, ನಾವೇ ಬಂದು ಕರೀತಿದ್ದೀವಿ" ಎಂದರು. ಅಕ್ಕ ಏನೂ ಹೇಳಲಿಲ್ಲ. ಲೋಟಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿದರು. ನಾವು ಸ್ವಲ್ಪ ಹೊತ್ತು ಜಗಲಿಯಲ್ಲಿಯೇ ನಿಂತಿದ್ದು, ನೀರಿನ ಸದ್ದು ನಿಂತ ಮೇಲೆ, ಅದೇ ಮಾತನ್ನು ಅವರಿಗೆ ಕೇಳಿಸುವಂತೆ ಇನ್ನೊಮ್ಮೆ ಕೂಗಿ ಹೇಳಿ ಬಂದೆವು.